ಪದಚರ್ಚೆ: ‘ಸುಸ್ಥಿರ ಕಟ್ಟಡ’ ಅಂದರೆ ಅಂಗಡಿಯವರಿಗೆ ಏನು ಅರ್ಥ ಆಗುತ್ತದೆ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಆರ್ಕಿಟೆಕ್ಚರ್ ಓದುವ ಕೆಲವು ಹುಡುಗರು ಮುಂದಿನ ಕಾಲದ ಒಂದು ಕಾಂಪ್ಲೆಕ್ಸಿನ ಮಾದರಿ ಮಾಡುತ್ತಿದ್ದಾರೆ. ಪಿ.ಬಿ. ರಸ್ತೆಯಲ್ಲಿ ಇಂಥದ್ದೊಂದು ಬಂದರೆ ಹೇಗಿರಬೇಕು ಅನ್ನೋದು ಅವರ ಯೋಚನೆ. ನೋಡಲು ಬರುವವರಲ್ಲಿ ಅಂಗಡಿಯವರು, ಮೇಸ್ತ್ರಿಗಳು ಜಾಸ್ತಿ. ಅದಕ್ಕೇ ಫಲಕಗಳೆಲ್ಲ ಕನ್ನಡದಲ್ಲೇ ಇರಲಿ ಅಂತ ಬರೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಮೊದಲ ಸಾಲಿಗೇ ತೊಡಕು.

‘ಸಸ್ಟೈನಬಲ್’ಗೆ ಪತ್ರಿಕೆಗಳಲ್ಲಿ ‘ಸುಸ್ಥಿರ’ ಅಂತ ನಡೆದುಬಂದಿದೆ. ‘ಸುಸ್ಥಿರ ಅಭಿವೃದ್ಧಿ’ ಅಂದರೆ ಪತ್ರಿಕೆ ಓದುವವರಿಗೆ ಹೇಗೋ ತಿಳಿಯುತ್ತದೆ. ಕಟ್ಟಡದ ಮುಂದೆ ಅದೇ ಪದ ಹಾಕಿದರೆ ದಾರಿ ತಪ್ಪುತ್ತದೆ. ಒಬ್ಬ ಮೇಸ್ತ್ರಿಗೆ ತೋರಿಸಿದೆ, ‘ಪಾಯ ಗಟ್ಟಿ ಐತಿ ಅಂತೇನ್ರಿ?’ ಅಂದರು. ಸ್ಥಿರ ಅಂದರೆ ಅಲ್ಲಾಡದ್ದು ತಾನೇ, ಅವರು ಹೇಳಿದ್ದು ಸರಿಯೇ ಇದೆ. ‘ತಾಳಿಕೆ ಬಾಳಿಕೆ’ ಒಳ್ಳೆಯ ಮಾತು, ಆದರೆ ಅಲ್ಲೂ ಗಟ್ಟಿತನವೇ ಮುಂದೆ ಬರುತ್ತದೆ. ‘ಹಸಿರು ಕಟ್ಟಡ’ ಅಂದರೆ ಬಣ್ಣ ಹೊಡೆದದ್ದೋ, ಬಾಲ್ಕನಿಯಲ್ಲಿ ಕುಂಡ ಇಟ್ಟದ್ದೋ ಅನ್ನಿಸುತ್ತದೆ. ಕರೆಂಟು, ನೀರು, ಸಿಮೆಂಟು ಎಲ್ಲವನ್ನೂ ಕಡಿಮೆ ಬಳಸುವ ಕಟ್ಟಡ ಅಂತ ಹೇಳಬೇಕಲ್ಲ, ಸದ್ಯಕ್ಕೆ ‘ಮಿತಬಳಕೆಯ ಕಟ್ಟಡ’ ಅಂತ ಬರೆದಿದ್ದೇನೆ. ನನಗೇ ಪೂರ್ತಿ ಒಪ್ಪಿಗೆ ಇಲ್ಲ. ಜಿಪುಣರ ಕಟ್ಟಡ ಅನ್ನೋ ಹಾಗೆ ಕೇಳಿಸುತ್ತದೆ ಅಲ್ವಾ?

‘ಫ್ಯೂಚರಿಸ್ಟಿಕ್’ ಇನ್ನೊಂದು ಕಗ್ಗಂಟು. ‘ಭವಿಷ್ಯದ ಕಟ್ಟಡ’ ಅಂದರೆ ಇನ್ನೂ ಕಟ್ಟದೇ ಇರೋದು ಅಂತಾಯಿತು. ಜಿಂಬಾಬ್ವೆ ದೇಶದ ಹರಾರೆಯ ಈಸ್ಟ್‌ಗೇಟ್ ಸೆಂಟರ್ 1996ರಲ್ಲೇ ಎದ್ದು ನಿಂತಿದೆ, ಕೆಳಗೆ ಅಂಗಡಿ, ಮೇಲೆ ಆಫೀಸು. ಅದನ್ನು ಈಗಲೂ ಮುಂದಿನ ಕಾಲದ ಕಟ್ಟಡಗಳ ಸಾಲಿನಲ್ಲಿ ತೋರಿಸುತ್ತಾರೆ. ನಾನು ‘ಮುಂಗಾಲದ’ ಅಂತ ಹೊಸದಾಗಿ ಕಟ್ಟಲು ನೋಡಿದೆ, ಹುಡುಗರು ನಕ್ಕರು. ಇದನ್ನು ಬಿಟ್ಟೇಬಿಡೋಣ ಅಂತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ‘ರೇಡಿಯಂಟ್ ಕೂಲಿಂಗ್’. ನೆಲದಡಿ ಕೊಳವೆ ಹಾಸಿ ಅದರಲ್ಲಿ ತಣ್ಣೀರು ಹರಿಸುತ್ತಾರೆ, ನೆಲವೇ ತಂಪಾಗಿ ಜಾಗವನ್ನು ತಂಪು ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಸೂರತ್ತಿನ ವಜ್ರದ ವ್ಯಾಪಾರ ಕೇಂದ್ರದಲ್ಲಿ, ಒಂಬತ್ತು ಗೋಪುರಗಳನ್ನು ಜೋಡಿಸುವ ಉದ್ದನೆಯ ನಡುದಾರಿಗೆ ಇದೇ ವ್ಯವಸ್ಥೆ. ನಿಘಂಟಿನ ದಾರಿ ಹಿಡಿದರೆ ‘ವಿಕಿರಣ ಶೀತಲೀಕರಣ’ ಅನ್ನಬೇಕು. ‘ವಿಕಿರಣ’ ಅಂತ ಓದಿದ ಕೂಡಲೇ ಕೈಗಾ ನೆನಪಾಗುತ್ತದೆ, ಆಮೇಲೆ ಆ ಮಹಡಿಯಲ್ಲಿ ಯಾರು ಅಂಗಡಿ ಹಿಡಿಯುತ್ತಾರೆ? ‘ನೆಲದಂಪು’ ಅಂತ ಒಂದೇ ಪದ ಮಾಡಬಹುದಾ? ವ್ಯಾಕರಣ ಬಲ್ಲವರು ಹೇಳಿ. ನೆಲ, ತಂಪು ಸೇರಿದರೆ ತಕಾರ ದಕಾರ ಆಗೋದು ಸರಿ ಅನ್ನಿಸುತ್ತದೆ, ಬೆಟ್ಟದಾವರೆಯಲ್ಲಿ ಹಾಗೇ ಆಗಿದೆಯಲ್ಲ.

‘ನೆಟ್ ಜೀರೋ’, ಅಂದರೆ ಬಳಸಿದಷ್ಟು ಕರೆಂಟನ್ನು ಕಟ್ಟಡ ತಾನೇ ಮಾಡಿಕೊಳ್ಳೋದು, ಕೂಡ ಹಾಗೇ. ‘ನಿವ್ವಳ ಶೂನ್ಯ’ ಪದಶಃ ಸರಿ. ಆದರೆ ನಿವ್ವಳ ಲಾಭದ ಲೆಕ್ಕ ಬರೆಯುವ ದಲಾಲಿ ಅಂಗಡಿಯವರಿಗೆ ಅದು ವರ್ಷವಿಡೀ ದುಡಿದು ಕೈಗೆ ಏನೂ ಸಿಗದ ಮಾತು. ದೆಹಲಿಯ ಇಂದಿರಾ ಪರ್ಯಾವರಣ ಭವನ 2014ರಲ್ಲಿ ಶುರುವಾಯಿತು, ಸೋಲಾರ್‌ನಿಂದ ತನಗೆ ಬೇಕಾದ ಕರೆಂಟು ತಾನೇ ಮಾಡಿಕೊಳ್ಳುವಂತೆ ಕಟ್ಟಿದ್ದು. ಅದರ ಚಿತ್ರದ ಕೆಳಗೆ ‘ತನ್ನ ಕರೆಂಟು ತಾನೇ ಮಾಡಿಕೊಳ್ಳುವ ಕಟ್ಟಡ’ ಅಂತ ಉದ್ದಕ್ಕೇ ಬರೆದುಬಿಟ್ಟೆ. ಉದ್ದ ಆದರೂ ಪರವಾಗಿಲ್ಲ, ಅರ್ಥ ಕೆಡಬಾರದು.

ಕೆಲವು ಕಡೆ ಪದ ಹುಡುಕುವ ಕಷ್ಟವೇ ಬರಲಿಲ್ಲ. ಅಬುಧಾಬಿಯ ಅಲ್ ಬಹರ್ ಅವಳಿ ಗೋಪುರಗಳ ಹೊರಮೈಗೆ ಒಂದು ಪರದೆ ಇದೆ. ಬಿಸಿಲು ಬಿದ್ದ ಕಡೆ ಮುಚ್ಚಿಕೊಳ್ಳುತ್ತದೆ, ಬಿಸಿಲು ಸರಿದ ಮೇಲೆ ತೆರೆದುಕೊಳ್ಳುತ್ತದೆ. ಇದಕ್ಕೆ ‘ಚಲಿಸುವ ಜಾಲಂಧ್ರ’ ಅಂದರೆ ಆಯಿತು, ಹಳೆಯ ಗುಡಿಗಳಲ್ಲಿ ಕಲ್ಲಿನ ಜಾಲಂಧ್ರ (ತೂತು ಕೊರೆದ ಕಿಟಕಿ) ನೋಡಿದವರಿಗೆ ಬೇರೆ ವಿವರಣೆ ಬೇಡ. ನಮ್ಮಲ್ಲಿ ಪಶ್ಚಿಮಕ್ಕೆ ಗಾಜು ಹಾಕಿ, ಏಪ್ರಿಲ್ ಬಂತೆಂದರೆ ಒಳಗಿನಿಂದ ಫ್ಲೆಕ್ಸ್ ಅಂಟಿಸುತ್ತಾರೆ. ಅದನ್ನೂ ಒಂದು ಫಲಕದಲ್ಲಿ ಬರೆಯಬೇಕು ಅಂತ ಆಸೆ ಇದೆ, ಬೈಸಿಕೊಂಡರೂ ಸರಿ. ‘ಫಸಾಡ್’ಗೆ, ಅಂದರೆ ಕಟ್ಟಡದ ಮುಂಭಾಗಕ್ಕೆ, ಮಾತ್ರ ‘ಎಲಿವೇಷನ್’ ಅಂತಲೇ ಇಟ್ಟಿದ್ದೇನೆ, ಮೇಸ್ತ್ರಿಗಳ ಬಾಯಲ್ಲಿ ಇರೋದೇ ಅದು. ಸಜ್ಜಾ, ಸಂಪು ಕೂಡ ಹಾಗೇ ಇರಲಿ.

ಮಳೆನೀರಿನ ಫಲಕಕ್ಕೆ ಚಿತ್ರದುರ್ಗ ನೆರವಿಗೆ ಬಂತು. ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡದವರೆಗೆ ನೀರು ಇಳಿಯುವ ಏರ್ಪಾಡು. ತಾರಸಿ ತೊಟ್ಟಿ ತುಂಬಿ ಮಿಕ್ಕಿದ್ದು ಸಂಪಿಗೆ ಬೀಳೋದಕ್ಕೆ ‘ಕೋಡಿ’ ಅಂತ ಬರೆದೆ. ‘ಓವರ್‌ಫ್ಲೋ’ ಬೇಕಾಗಲೇ ಇಲ್ಲ.

ಉಳಿದದ್ದು ಗಾಳಿಯ ವಿಚಾರ. ಈಸ್ಟ್‌ಗೇಟ್‌ನಲ್ಲಿ ರಾತ್ರಿಯ ತಣ್ಣನೆ ಗಾಳಿಯನ್ನು ಫ್ಯಾನಿನಿಂದ ಒಳಗೆ ಎಳೆದು ಕಾಂಕ್ರೀಟನ್ನೇ ತಂಪು ಮಾಡಿಡುತ್ತಾರೆ, ಹಗಲಿನ ಬಿಸಿಗಾಳಿ ಮೇಲಿನ ಚಿಮಣಿಗಳಿಂದ ಹೊರಗೆ ಹೋಗುತ್ತದೆ. ನಮ್ಮ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ‘ತಂಪು ಹಿಡಿಯುತ್ತೆ’ ಅಂತಾರಲ್ಲ, ಅದೇ ಮಾತು ಇಲ್ಲಿಗೂ ಸರಿಹೊಂದಿತು. ಚಿಮಣಿಗೆ ‘ಹೊಗೆಗೂಡು’ ಆಗದು, ಅಲ್ಲಿ ಹೊಗೆಯೇ ಇಲ್ಲ. ‘ಬೆಳಕಿಂಡಿ’ ಬೆಳಕಿಗಾಯಿತು. ಮಾಳಿಗೆ ಮೇಲಿಂದ ಬರೀ ಸೆಕೆ ಹೋಗಲಿ ಅಂತ ಬಿಡುವ ಕಂಡಿಗೆ ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಬೇರೆ ಹೆಸರು ಇದೆಯಾ? ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರ. ಆ ಫಲಕ ಒಂದನ್ನು ಪ್ರಿಂಟಿಗೆ ಕೊಡದೆ ಇಟ್ಟುಕೊಂಡಿದ್ದೇನೆ.