ಬಲಗಡೆ ದನಿ ಸೊರಗಿದೆ, ಟ್ಯೂಬ್ ಬದಲಿಸಲಾ?

ರಾಜಾಜಿನಗರ ಕೇಳುಗ: ನನ್ನ ಪ್ರಿಆಂಪ್‌ನಲ್ಲಿ (ಪವರ್ ಆಂಪ್‌ಗೆ ಮುಂಚೆ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಎರಡು 12ಎಎಕ್ಸ್7 ಟ್ಯೂಬ್ (ಗಾಜಿನ ವಾಲ್ವ್) ಇವೆ. ಎರಡು ತಿಂಗಳಿಂದ ಬಲ ಚಾನಲ್ ಸೊರಗಿದೆ. ಸಂಗೀತ ಕಚೇರಿ ಹಾಕಿದರೆ ಹಾಡುವವರು ನಡುವೆ ಕೂರದೆ ಎಡಕ್ಕೆ ಸರಿದುಬಿಡುತ್ತಾರೆ. ಪವರ್ ಆಂಪ್‌ಗೆ ಹೋಗುವ ಎಡ ಬಲ ವೈರ್ ಅದಲುಬದಲು ಮಾಡಿದೆ. ಸೊರಗಿದ ದನಿ ಎಡ ಸ್ಪೀಕರ್‌ಗೆ ಬಂತು. ಅಂದರೆ ಪವರ್ ಆಂಪ್, ಸ್ಪೀಕರ್ ಸರಿಯಿವೆ. ಸಿಡಿ ಪ್ಲೇಯರ್ ಕಡೆಯ ವೈರ್ ಬದಲಿಸಿದರೆ ಮಾತ್ರ ಬಲದಲ್ಲೇ ಉಳಿಯಿತು. ಎರಡು ಟ್ಯೂಬ್‌ಗಳ ಜಾಗವನ್ನೂ ಬದಲಿಸಿದೆ, ಏನೂ ಆಗಲಿಲ್ಲ. ಹಾಗಾದರೆ ಟ್ಯೂಬ್ ಸರಿಯಿದೆ, ಅಲ್ವಾ?

ಹಳೇ ರೇಡಿಯೋ: ವಾಲ್ಯೂಮ್ ಪಾಟ್, ಅಂದರೆ ದನಿ ಏರಿಸಿ ಇಳಿಸುವ ತಿರುಗುಗುಂಡಿ, ನೋಡಿ ಸರ್. ವಾಲ್ಯೂಮ್‌ಗೆ ಬಳಸುವ ಎರಡು ಚಾನಲ್‌ನ ಲಾಗ್ ಪಾಟ್‌ಗಳು ಕಡಿಮೆ ವಾಲ್ಯೂಮ್‌ನಲ್ಲಿ ಎಷ್ಟೋ ಸಲ ಒಂದೇ ಸಮ ಇರುವುದಿಲ್ಲ. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ಚೆನ್ನಾಗಿ ಗೊತ್ತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ತಿರುಗಿಸಿ.

ರಾಜಾಜಿನಗರ ಕೇಳುಗ: ತಿರುಗಿಸಿ ನೋಡಿದೆ ಸರ್. ಮೆಲ್ಲಗಿಟ್ಟರೂ, ಜೋರಾಗಿಟ್ಟರೂ ವ್ಯತ್ಯಾಸ ಅಷ್ಟೇ ಇದೆ.

ಎಸ್‌ಪಿ ರೋಡ್ ಅಲೆಮಾರಿ: ಸುಮ್ನೆ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ? ಮ್ಯಾಚ್ ಮಾಡಿದ ಹೊಸ ಟ್ಯೂಬ್ ಜೋಡಿ ತಗೊಳ್ಳಿ. ಟ್ಯೂಬ್ ಸವೆಯುವ ವಸ್ತು, ಹೇಗೂ ಒಂದು ದಿನ ಬದಲಿಸಬೇಕು.

ಜಯನಗರ ಸೋಲ್ಡರ್: ದುಡ್ಡು ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಒಂದು 12ಎಎಕ್ಸ್7 ಬುರುಡೆಯೊಳಗೆ ಎರಡು ಟ್ರಯೋಡ್ (ಸಿಗ್ನಲ್ ಹಿಗ್ಗಿಸುವ ಬಿಡಿ ಘಟಕ) ಇರುತ್ತವೆ. 1, 2, 3ನೇ ಪಿನ್ ಒಂದರ ಪ್ಲೇಟ್ (ಹಿಗ್ಗಿದ ಸಿಗ್ನಲ್ ಹೊರಡುವ ಕಡೆ), ಗ್ರಿಡ್ (ಸಿಗ್ನಲ್ ಒಳಬರುವ ಕಡೆ), ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಕಡೆ); 6, 7, 8 ಇನ್ನೊಂದರದು. ಎಷ್ಟೋ ಪ್ರಿಆಂಪ್‌ಗಳಲ್ಲಿ ಒಂದೇ ಬುರುಡೆಯ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ದುಡಿಯುತ್ತದೆ. ನಿಮ್ಮದೂ ಹಾಗಿದ್ದರೆ ಎರಡು ಟ್ಯೂಬ್‌ಗಳ ಜಾಗ ಬದಲಿಸಿದರೂ ಕೆಟ್ಟ ಅರ್ಧ ಬಲಗಡೆಯೇ ಕೂರುತ್ತದೆ. ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಸ್ನೇಹಿತರ ಹತ್ತಿರ ಒಂದೇ ಒಂದು ಒಳ್ಳೆಯ 12ಎಎಕ್ಸ್7 ಕೇಳಿ ತಂದು, ಎರಡೂ ಸಾಕೆಟ್‌ನಲ್ಲಿ ಒಂದಾದ ಮೇಲೊಂದು ಹಾಕಿ ನೋಡಿ. ಇಸಿಸಿ83 ಅಂತ ಬರೆದಿದ್ದರೂ ಅದೇ.

ರಾಜಾಜಿನಗರ ಕೇಳುಗ: ಮೇಡಂ, ವೈರಿಂಗ್ ನೀವು ಹೇಳಿದ ಹಾಗೇ ಇದೆ. ಬೇರೆ ಟ್ಯೂಬ್ ಹಾಕಿದೆ, ಅದೇ ಕತೆ. ಪ್ಲೇಟ್‌ನಲ್ಲಿ ಎಡಕ್ಕೆ 190 ವೋಲ್ಟ್, ಬಲಕ್ಕೆ 188. ಕ್ಯಾಥೋಡ್ ಎರಡೂ 1.3. ಎಲ್ಲಾ ಸರಿಯಿದೆ!

ಎಸ್‌ಪಿ ರೋಡ್ ಅಲೆಮಾರಿ: ವೋಲ್ಟೇಜ್ ಸರಿಯಿದ್ದ ಮೇಲೆ ಸರ್ಕ್ಯೂಟ್ ಸರಿಯಿದೆ ಎಂದೇ ಅರ್ಥ. ರೂಮು ನೋಡಿ, ಒಂದು ಕಡೆ ಪರದೆ, ಇನ್ನೊಂದು ಕಡೆ ಖಾಲಿ ಗೋಡೆ ಇರಬಹುದು.

ಜಯನಗರ ಸೋಲ್ಡರ್: ಇಲ್ಲ ಅಣ್ಣ, ಇದನ್ನು ನಾನು ಒಪ್ಪುವುದಿಲ್ಲ. ವೈರ್ ಬದಲಿಸಿದಾಗ ಸೊರಗು ಎಡಕ್ಕೆ ಹೋಯಿತಲ್ಲ, ರೂಮು ಕಾರಣವಾಗಿದ್ದರೆ ಬಲದಲ್ಲೇ ಇರಬೇಕಿತ್ತು. ಡಿಸಿ (ನೀವು ಅಳೆದ ಸ್ಥಿರ ವೋಲ್ಟೇಜ್) ಸರಿಯಿದೆ ಅಂದರೆ ಟ್ಯೂಬ್‌ಗೆ ಊಟ ಸಿಗುತ್ತಿದೆ ಅಂತ ಅಷ್ಟೇ. ಕೆಲಸ ಎಷ್ಟು ಮಾಡುತ್ತಿದೆ ಅಂತ ಸಿಗ್ನಲ್ ಅಳೆದೇ ನೋಡಬೇಕು. ಫೋನಿನಿಂದ 400 ಹರ್ಟ್ಜ್ ಮೋನೋ ಟೋನ್ ಕೊಡಿ. 1000 ಬೇಡ, ಅಗ್ಗದ ಮೀಟರ್‌ಗಳು ಅಲ್ಲಿ ಸುಳ್ಳು ತೋರಿಸಬಹುದು. ಮೊದಲು ಗ್ರಿಡ್‌ನಲ್ಲಿ ಅಳೆಯಿರಿ, ಆಮೇಲೆ ಕಪ್ಲಿಂಗ್ ಕೆಪಾಸಿಟರ್ (ಪ್ಲೇಟ್‌ನಿಂದ ಸಿಗ್ನಲ್ ಮಾತ್ರ ಮುಂದಕ್ಕೆ ಬಿಡುವುದು) ದಾಟಿದ ಕಡೆ. ಕ್ಲಿಪ್ ಹಾಕಿ ಆಮೇಲೆ ಆನ್ ಮಾಡಿ. ಉರಿಯುವಾಗ ಒಳಗೆ ಕೈ ಹಾಕಲೇಬೇಡಿ.

ರಾಜಾಜಿನಗರ ಕೇಳುಗ: ಗ್ರಿಡ್‌ನಲ್ಲಿ ಎರಡೂ ಕಡೆ 20 ಮಿಲಿವೋಲ್ಟ್. ಮೊದಲ ಹಂತ ದಾಟಿದ ಮೇಲೆ ಎಡಕ್ಕೆ 1.22 ವೋಲ್ಟ್, ಬಲಕ್ಕೆ 0.65!

ಹಳೇ ರೇಡಿಯೋ: ಗ್ರಿಡ್‌ವರೆಗೆ ಸಮ ಬಂದಿದೆ ಅಂದರೆ ಪಾಟ್ ತಪ್ಪಿಲ್ಲ. ನನ್ನ ಮಾತು ವಾಪಸ್.

ಜಯನಗರ ಸೋಲ್ಡರ್: ಸಿಕ್ಕಿತು ನೋಡಿ. ಎಡದಲ್ಲಿ ಸುಮಾರು 60 ಪಟ್ಟು, ಬಲದಲ್ಲಿ 32. ಐದೂವರೆ ಡೆಸಿಬೆಲ್ ವ್ಯತ್ಯಾಸ. ಬಲಗಡೆ ಕ್ಯಾಥೋಡ್ ರೆಸಿಸ್ಟರ್ ಪಕ್ಕದ ಬೈಪಾಸ್ ಕೆಪಾಸಿಟರ್ (ಕ್ಯಾಥೋಡ್‌ನ ಸಿಗ್ನಲ್ ಏರಿಳಿತವನ್ನು ಗ್ರೌಂಡ್‌ಗೆ ಇಳಿಸುವುದು) ಒಣಗಿದೆ ಅಂತ ನನಗೆ ಅನ್ನಿಸುತ್ತದೆ. ಪ್ಲೇಟ್‌ಗೆ 100ಕೆ (ಕಿಲೋಓಮ್), ಕ್ಯಾಥೋಡ್‌ಗೆ 1.5ಕೆ ರೆಸಿಸ್ಟರ್ ಇರುವ 12ಎಎಕ್ಸ್7ನಲ್ಲಿ ಆ ಕೆಪಾಸಿಟರ್ ಹೋದರೆ ಗೇನ್ (ಹಿಗ್ಗಿಸುವ ಪಟ್ಟು) ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕ್ಯಾಥೋಡ್ ಗ್ರಿಡ್‌ನ ಜೊತೆಗೇ ಏರಿಳಿಯುತ್ತದೆ, ಟ್ಯೂಬ್‌ಗೆ ಉಳಿಯುವ ಸಿಗ್ನಲ್ ಕಮ್ಮಿ. ಕೆಪಾಸಿಟರ್ ಮೂಲಕ ಡಿಸಿ ಹರಿಯುವುದಿಲ್ಲವಲ್ಲ, ಅದಕ್ಕೇ ನಿಮ್ಮ 1.3 ವೋಲ್ಟ್ ಕದಲಲಿಲ್ಲ. ಬಿಸಿ ಟ್ಯೂಬ್‌ನ ಪಕ್ಕ ಕೂತ ಇಂಥ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರ್‌ಗೆ ಇದು ಬರುವ ರೋಗವೇ.

ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಕೈ ತಾಗದಂತೆ ಅದಕ್ಕೆ ರೆಸಿಸ್ಟರ್ ಅಡ್ಡ ಜೋಡಿಸಿ ವೋಲ್ಟೇಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿ. ಬಲಗಡೆಯ ಹಳೆಯ ಬೈಪಾಸ್ ಕೆಪಾಸಿಟರ್ ಮೇಲೆ ಹೊಸ 22 ಮೈಕ್ರೋಫ್ಯಾರಡ್ ತಾತ್ಕಾಲಿಕವಾಗಿ ಬೆಸೆಯಿರಿ. ಮೈನಸ್ ಗ್ರೌಂಡ್ ಕಡೆಗೆ.

ಹಳೇ ರೇಡಿಯೋ: ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್ ಇರುವ ನಮ್ಮಪ್ಪನ ರೇಡಿಯೋ ಈಗಲೂ ನನ್ನ ಹತ್ತಿರ ಇದೆ. ವಾಲ್ವ್ ಎಲ್ಲಾ ಮೂಲದ್ದೇ. ಎಲೆಕ್ಟ್ರೋಲಿಟಿಕ್ ಮಾತ್ರ ಎರಡು ಸಲ ಬದಲಿಸಿದ್ದೇನೆ. ಮೇಡಂ ಹೇಳಿದ್ದು ಸರಿ ಇರಬಹುದು.

ರಾಜಾಜಿನಗರ ಕೇಳುಗ: ಬೆಸೆದೆ. ಬಲಕ್ಕೆ 1.21! ವೀಣೆ ಹಾಕಿದೆ, ನಟ್ಟನಡುವೆ ಬಂದು ಕೂತಿತು. ತುಂಬಾ ಥ್ಯಾಂಕ್ಸ್ ಮೇಡಂ. ಎಡಗಡೆಯದನ್ನೂ ಬದಲಿಸಬೇಕಾ?

ಜಯನಗರ ಸೋಲ್ಡರ್: ಬದಲಿಸಿ. ಅದೇ ವಯಸ್ಸು, ಅದೇ ಬಿಸಿ. ಹಳೆಯವನ್ನು ತೆಗೆದೇ ಹಾಕಿ, ಮೇಲೆ ಬೆಸೆದು ಬಿಡಬೇಡಿ. 105 ಡಿಗ್ರಿ ಬಿಸಿ ತಾಳುವುದು ಕೇಳಿ, 25 ವೋಲ್ಟ್ ಸಾಕು. ಭಾನುವಾರ ಎಸ್‌ಪಿ ರೋಡಿನಲ್ಲಿ ಹೆಚ್ಚಿನ ಎಲೆಕ್ಟ್ರಾನಿಕ್ಸ್ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹೋಗಿ ಬನ್ನಿ.