ನಲಿಕಲಿ ತರಗತಿಯಲ್ಲಿ ಮುಖ್ಯ ಶಿಕ್ಷಕರ ಪಾತ್ರವೇನು?

ಪ್ರಶ್ನೆ (ಶಿರಸಿ ಕಡೆಯ ಪ್ರಭಾರಿ ಮುಖ್ಯ ಶಿಕ್ಷಕ):
ಇಬ್ಬರೇ ಶಿಕ್ಷಕರಿರುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿ ನನ್ನದು. ಒಂದರಿಂದ ಮೂರರವರೆಗಿನ ನಲಿಕಲಿ, ಅಂದರೆ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ತರಗತಿ, ನನಗಿಂತ ಹಿರಿಯರಾದ ಅಕ್ಕೋರದು (ಶಿಕ್ಷಕಿಯದು). ಮಕ್ಕಳು ಐದು ತಟ್ಟೆಗಳ (ಒಂದೊಂದು ಗುಂಪಿಗೆ ಒಂದೊಂದು) ಸುತ್ತ ಕುಳಿತಿರುತ್ತಾರಾದರೂ ನಾನು ಇಣುಕಿದಾಗಲೆಲ್ಲ ಹಲಗೆಯ ಮೇಲಿನ ಅದೇ ನಾಲ್ಕು ಸಾಲನ್ನು ಎಲ್ಲರೂ ನಕಲು ಮಾಡುತ್ತಿರುತ್ತಾರೆ. ಮಕ್ಕಳ ಕಲಿಕೆಯನ್ನು ಗುರುತು ಹಾಕುವ ಪ್ರಗತಿ ನೋಟದಲ್ಲಿ ಮಾತ್ರ ಎಲ್ಲರೂ ಮೈಲಿಗಲ್ಲು (ಕಲಿಕೆಯ ಹಂತ) ದಾಟಿದ್ದಾರೆ. ಸುತ್ತೋಲೆ ತೋರಿಸಿದರೆ ಮನಸ್ತಾಪವಾದೀತು. ಹೇಗೆ ಹೇಳಲಿ?

ಉತ್ತರ 1 (ನಿವೃತ್ತ ಮುಖ್ಯ ಶಿಕ್ಷಕಿ, ಅಂಕೋಲಾ):
ಸರ್, ಹೇಳುವುದಕ್ಕೆ ಮೊದಲು ಒಂದು ವಾರ ಆ ತರಗತಿಯನ್ನು ನೀವೇ ತೆಗೆದುಕೊಳ್ಳಿ, ನಿಮ್ಮದನ್ನು ಅವರಿಗೆ ಕೊಡಿ. ನಾನು ಹಾಗೆ ಮಾಡಿದ ಮೂರನೆಯ ದಿನವೇ, ಒಬ್ಬಳು ಓದಲು ಬಾರದೆ ಅಳುತ್ತಿರುವಾಗ ಇನ್ನೊಂದು ತಟ್ಟೆಯವರು ಕಾರ್ಡು ಮುಗಿಸಿ ಜಗಳಕ್ಕಿಳಿಯುವುದನ್ನು ಕಂಡು, ಹಲಗೆಯ ನಾಲ್ಕು ಸಾಲು ಯಾಕೆ ಬೇಕಾಗುತ್ತದೆಂದು ನನಗೂ ತಿಳಿಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಈ ಪದ್ಧತಿ ಆರಂಭವಾದಾಗ ಕಾರ್ಡುಗಳನ್ನು ರೂಪಿಸಿದವರಲ್ಲಿ ಶಿಕ್ಷಕರೇ ಇದ್ದರು. 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ನಮ್ಮ ಕೈಗೆ ಬಂದದ್ದು ಸಿದ್ಧ ಕಾರ್ಡು ಮತ್ತು ಆದೇಶ. ಆ ವ್ಯತ್ಯಾಸವನ್ನು ಶಾಲೆಯ ಮಟ್ಟದಲ್ಲಿ ತುಂಬಬೇಕಾದವರು ಮುಖ್ಯ ಶಿಕ್ಷಕರೇ ಎಂಬುದು ನನ್ನ ಅಭಿಪ್ರಾಯ. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಕುಳಿತು, ಮುಂದಿನ ವಾರ ಯಾವ ಮಗು ಕಲಿಕಾ ಏಣಿಯ (ಕಲಿಕೆಯ ಹಂತಗಳ ಪಟ್ಟಿಯ) ಯಾವ ಮೆಟ್ಟಿಲಲ್ಲಿರುತ್ತದೆಂದು ಇಬ್ಬರೂ ಸೇರಿ ಬರೆಯಿರಿ. ಪ್ರಗತಿ ನೋಟದ ಗುರುತುಗಳು ತಾವಾಗಿಯೇ ಸರಿಹೋಗುತ್ತವೆ.

ಉತ್ತರ 2 (ಶಿಕ್ಷಕ, ಕಾರವಾರ):
ಅಂಕೋಲಾದ ಅಕ್ಕೋರು ಹೇಳಿದ್ದು ಸರಿ, ಆದರೆ ಭಾಷೆಯನ್ನೂ ನೋಡಿ. ನಮ್ಮಲ್ಲಿ ಮೀನಿನ ಚಿತ್ರ ಕಂಡೊಡನೆ ಕೊಂಕಣಿ ಮನೆಯ ಮಗು ‘ನುಸ್ತೆಂ’ ಎನ್ನುತ್ತದೆ. ಅದನ್ನು ತಪ್ಪೆಂದರೆ ಆ ಮಗು ಅಂದಿಡೀ ಬಾಯಿ ಬಿಡುವುದಿಲ್ಲ. ಎರಡೂ ಪದಗಳನ್ನು ಹಲಗೆಯ ಮೇಲೆ ಬರೆಯಬಹುದೆಂದು ನಮ್ಮ ಮುಖ್ಯ ಶಿಕ್ಷಕರು ತಾವೇ ಬರೆದು ತೋರಿಸಿದ ಮೇಲೆ ನಮಗೆ ಧೈರ್ಯ ಬಂತು.

ಪ್ರಶ್ನೆ ಕೇಳಿದವರು:
ವಂದನೆಗಳು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದರ ನಡುವೆ ವಾರವಿಡೀ ಬದಲಾಯಿಸಿಕೊಳ್ಳುವುದು ಕಷ್ಟ. ಮೂರು ದಿನ ಪ್ರಯತ್ನಿಸುತ್ತೇನೆ. ಇಂದು ನಮ್ಮ ಶಾಲೆಯ ಅಕ್ಕೋರನ್ನೇ ಕೇಳಿದೆ. ಅವರು ಬೀರು ತೆರೆದು ತೋರಿಸಿದರು: ಮಳೆಯ ತಂಪಿಗೆ ಮೊದಲ ಮೈಲಿಗಲ್ಲಿನ ಕಾರ್ಡುಗಳೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಈ ಶನಿವಾರ ಮೊದಲು ಅವನ್ನು ಬಿಡಿಸಿ, ಹರಿದದ್ದನ್ನು ಹೊಸದಾಗಿ ಬರೆಯುವುದೆಂದು ಮಾತಾಗಿದೆ.