ಹಾಲಕ್ಕಿಯನ್ನ ಗೂಬೆ ಅನ್ನಬಹುದಾ?

ಧನುರ್ಮಾಸದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಮಾವನ ಊರಿಗೆ ಹೋಗಿದ್ದೆ. ಒಂದು ಸಂಜೆ ಇಬ್ಬರೂ ಗೂಬೆ ನೋಡೋಕೆ ಹೊರಟೆವು. ಹೊತ್ತು ಮುಳುಗಿತ್ತು. ಕಬ್ಬಿನ ಗದ್ದೆ ಮೇಲೆ ಆಲೆಮನೆ ಹೊಗೆ ತೆಳ್ಳಗೆ ಹಾಸಿಕೊಂಡಿತ್ತು. ಹಳೇ ಹುಣಸೇಮರದ ಪೊಟರೆಯಲ್ಲಿ ಒಂದು ಮುಖ ಕಾಣಿಸಿತು. ಗೇಣುದ್ದದ ಹಕ್ಕಿ, ಕಂದು ಮೈ ತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ನಮ್ಮನ್ನು ನೋಡಿದ್ದೇ ತಲೆಯನ್ನು ಮೇಲೆ ಕೆಳಗೆ ಆಡಿಸೋಕೆ ಶುರು ಮಾಡಿತು, ಹೆಣ್ಣು ನೋಡಲು ಬಂದ ಅಜ್ಜಿಯ ಹಾಗೆ.

"ಮಾವ, ಗೂಬೆ!" ಅಂದೆ.

"ಸುಮ್ಕಿರ್ಲಾ. ಗೂಬೆ ಅನ್ಬ್ಯಾಡ. ಅದು ಹಾಲಕ್ಕಿ."

ಹಕ್ಕಿ ಪುಸ್ತಕ ತೆಗೆದರೆ ಹಾಲಕ್ಕಿಯೂ ಗೂಬೆ ಜಾತಿಯದೇ. ಆದರೆ ಮಾವನ ಮಾತಿನಲ್ಲಿ ಎರಡೂ ಒಂದೇ ಸಾಲಿಗೆ ಬರೋದಿಲ್ಲ. ಗೂಬೆ ಮನೆ ಮೇಲೆ ಕೂತರೆ ಕೇಡು, ಹಾಲಕ್ಕಿ ನುಡಿದರೆ ಶಕುನ. ಬೆಳಗಿನ ಜಾವ ಬುಡುಬುಡಿಕೆಯವನು ಬಂದು "ಹಾಲಕ್ಕಿ ನುಡೀತೈತೆ" ಅಂತಾನೆ ಅಲ್ವಾ? "ಗೂಬೆ ನುಡೀತೈತೆ" ಅಂದಿದ್ದರೆ ಅವನ ಜೋಳಿಗೆಗೆ ಯಾರು ತಾನೇ ಅಕ್ಕಿ ಹಾಕುತ್ತಿದ್ದರು! ತಪ್ಪು ಹೊರಿಸುವಾಗಲೂ ಅಷ್ಟೇ. 'ನನ್ನ ಮೇಲೆ ಗೂಬೆ ಕೂರಿಸಬೇಡ' ಅಂತೀವಿ, ಹಾಲಕ್ಕಿ ಕೂರಿಸಬೇಡ ಅನ್ನಲ್ಲ.

ಅಕ್ಕಿ ಅಂದೆನಲ್ಲ, ನಮ್ಮ ಕಡೆ ಹಕಾರ ಬಿಡೋರಿಗೆ ಹಕ್ಕಿಯೂ ಅಕ್ಕಿಯೇ. ಹಾಗಾಗಿ ಹಾಲಕ್ಕಿಯಲ್ಲಿ ಇರೋದು ಊಟದ ಅಕ್ಕಿ ಅಂತ ಚಿಕ್ಕಂದಿನಲ್ಲಿ ನಂಬಿದ್ದೆ. ಅಲ್ಲ. 'ಹಾಲುವಕ್ಕಿ' ಅನ್ನೋ ರೂಪವೂ ಇದೆ. ಹಳಗನ್ನಡದಲ್ಲಿ ಹಕ್ಕಿಗೆ 'ಪಕ್ಕಿ', ಸಮಾಸದಲ್ಲಿ ಪಕಾರ ವಕಾರ ಆಗುತ್ತೆ. ಅಲ್ಲಿಗೆ ಇದು ಹಕ್ಕಿಯೇ. ಇನ್ನು ಹಾಲು ಯಾಕೆ? "ಮೈಮೇಲೆ ಹಾಲು ಚಿಮುಕಿಸ್ದಂಗಿಲ್ವಾ?" ಅಂತ ಮಾವ. ಕೇಳೋಕೆ ಚೆನ್ನಾಗಿದೆ. ಇಷ್ಟು ಚೆನ್ನಾಗಿರೋದಕ್ಕೇ ನನಗೆ ಸ್ವಲ್ಪ ಅನುಮಾನ.

'ಗೂಬೆ' ಪದದ ಜಾಡು ಇಷ್ಟು ಕಷ್ಟ ಇಲ್ಲ. ಗೂಗೆ ಅಂತಲೂ ಕನ್ನಡದಲ್ಲಿದೆ. ತಮಿಳಿನಲ್ಲಿ ಕೂಗೈ, ತೆಲುಗಿನಲ್ಲಿ ಗೂಬ. ಕೂಗುವ ಸದ್ದೇ ಹೆಸರಾದ ಹಾಗಿದೆ.

ನಾವು ಮಾತಾಡುತ್ತಿದ್ದಾಗಲೇ ಹಾಲಕ್ಕಿ 'ಚಿರ್ರ್ ಚಿರ್ರ್' ಅಂತ ಕಿರುಚಿ ತಂತಿ ಮೇಲೆ ಹೋಗಿ ಕೂತಿತು. ಕತ್ತಲಾದ ಮೇಲೆ ದೂರದ ಬಂಡೆಗಳ ಕಡೆಯಿಂದ ಬೇರೆ ದನಿ: "ಬೂ... ಬೋ". ಹಕ್ಕಿ ಪುಸ್ತಕದಲ್ಲಿ ಇದರ ಹೆಸರು ಕೊಂಬಿನ ಗೂಬೆ. ಮಾವ ಅಂದಿದ್ದು "ಗುಮ್ಮ". ಮಕ್ಕಳಿಗೆ ಅನ್ನ ತಿನ್ನಿಸುವಾಗ ಹೆದರಿಸೋ ಗುಮ್ಮನಿಗೆ ರೆಕ್ಕೆ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಬಾಯಿಬಿಡದೆ ಎಲ್ಲ ಒಳಗೇ ಇಟ್ಟುಕೊಳ್ಳುವವರನ್ನ ಗುಮ್ಮನಗುಸುಕ ಅಂತೀವಲ್ಲ, ಹಗಲೆಲ್ಲ ಬಂಡೆ ಸಂದಿಯಲ್ಲಿ ಅಲ್ಲಾಡದೆ ಕೂರೋ ಈ ಹಕ್ಕಿಗೂ ಆ ಮಾತಿಗೂ ನಂಟಿದೆಯೇ? ಬಿಳಿ ಮುಖದ ಕಣಜ ಗೂಬೆ ಬಗ್ಗೆ ಕೇಳಿದ್ದಕ್ಕೆ ಮಾತ್ರ ನಕ್ಕುಬಿಟ್ಟರು. "ಕಣಜನೇ ಇಲ್ವಲ್ಲೋ ಈಗ!"

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಹಾಲಕ್ಕಿ ಅಂದರೆ ಇದೇ ಚುಕ್ಕೆ ಹಕ್ಕಿಯಾ, ಇಲ್ಲ ಬೇರೆ ಯಾವುದಾದರೂ ಶಕುನದ ಹಕ್ಕಿಗೂ ಆ ಹೆಸರಿದೆಯಾ? ಗುಮ್ಮ ಅಂತ ಹಕ್ಕಿಯನ್ನೇ ಕರೆಯೋರು ಮನೆಯಲ್ಲಿ ಇನ್ನೂ ಇದ್ದಾರಾ?